ಮೂರೆಲೆಯ ಕಳೆ: ಬಾಯಿಗೆ ಹಾಕುವ ಮುನ್ನ

ಪಾಂಡವಪುರದ ಓದುಗರೊಬ್ಬರ ಪ್ರಶ್ನೆ ಇದು. ಮನೆಯಂಗಳದ ಗುಲಾಬಿ ಕುಂಡಗಳ ಸುತ್ತ ಮೂರೆಲೆಯ ಸಣ್ಣ ಕಳೆಯೊಂದು ನೆಲಕ್ಕಂಟಿ ಹಬ್ಬುತ್ತಿದೆ. ಮಕ್ಕಳು ಹುಳಿಯೆಂದು ಕಿತ್ತು ತಿನ್ನುತ್ತಾರೆ, ನೆರೆಯ ಅಜ್ಜಿ ಸಾರು ಮಾಡು ಎನ್ನುತ್ತಾರೆ. ಇದೇನು ಸೊಪ್ಪು, ತಿನ್ನಬಹುದೇ?

ಬಹುಮಟ್ಟಿಗೆ ಇದು ನಮ್ಮ ಕಡೆ ಪುಲ್ಲಂಪುರಚಿ ಅಥವಾ ಹುಳಿಸೊಪ್ಪು ಎನ್ನುವ ಗಿಡ. ಆಯುರ್ವೇದದಲ್ಲಿ ಚಾಂಗೇರಿ, ಹಿಂದಿಯಲ್ಲಿ ತಿನ್‌ಪತಿಯಾ. ಆದರೆ ಹೆಸರನ್ನು ನಂಬಿ ಒಲೆ ಹಚ್ಚಬೇಡಿ. ಹುಳಿಯಾದ ಸೊಪ್ಪಿಗೆಲ್ಲ ಹುಳಿಸೊಪ್ಪು ಎನ್ನುವ ರೂಢಿ ನಮ್ಮಲ್ಲಿದೆ. ಗಿಡವನ್ನೇ ನೋಡಬೇಕು.

ಎಲೆಯ ಮೂರೂ ದಳ ಹೃದಯದಾಕಾರ, ತುದಿ ಒಳಕ್ಕೆ ಸೀಳಿದಂತೆ. ಸಂಜೆಯಾದರೆ ಕೊಡೆ ಮಡಚಿದ ಹಾಗೆ ಕೆಳಗೆ ಬಾಗುತ್ತವೆ. ಹೂವು ಹಳದಿ, ಐದೆಸಳು. ಕಾಯಿಯೇ ಖಚಿತ ಗುರುತು: ಬೆಂಡೆಕಾಯಿಯ ಮರಿಯಂತೆ ನೆಟ್ಟಗೆ ನಿಂತಿರುತ್ತದೆ, ಬಲಿತದ್ದನ್ನು ಮುಟ್ಟಿದರೆ ಬೀಜ ಚಿಮ್ಮುತ್ತದೆ. 1753ರಲ್ಲಿ ಲಿನೇಯಸ್ ಇದಕ್ಕಿಟ್ಟ ಆಕ್ಸಾಲಿಸ್ ಕಾರ್ನಿಕ್ಯುಲೇಟಾ ಎಂಬ ಹೆಸರಿನ ಎರಡನೆಯ ಪದಕ್ಕೆ ಪುಟ್ಟ ಕೊಂಬುಳ್ಳದ್ದು ಎಂದರ್ಥ.

ಇದರಂತೆಯೇ ಕಾಣುವವು ಬೇರೆಯೂ ಇವೆ. ನಾಗಮಂಗಲದಂಥ ಒಣನೆಲದ ಹುಲ್ಲುಗಾವಲಲ್ಲೂ ಹಬ್ಬುವ ಕಾಡುಮೆಂತ್ಯಕ್ಕೂ ಮೂರೇ ದಳ. ಅದರ ಹೂ ನಸುನೇರಳೆ, ಕಾಯಿ ಚಪ್ಪಟೆ, ಸೀರೆಯಂಚಿಗೆ ಅಂಟುತ್ತದೆ, ಹುಳಿಯಿಲ್ಲ. ಶ್ರೀರಂಗಪಟ್ಟಣದ ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಲ್ಲಿ, ಕೆ.ಆರ್.ಪೇಟೆಯ ಮಂದಗೆರೆ ಅಣೆಕಟ್ಟೆಯ ನೀರು ಹರಿಯುವ ಬಯಲಿನಲ್ಲಿ, ಕೆಸರಲ್ಲಿ ನಿಲ್ಲುವ ನಾಲ್ಕು ದಳದ ಗಿಡ ಮಾರ್ಸೀಲಿಯಾ. ಅದು ಜರಿಗಿಡದ ಜಾತಿ, ಹೂವೇ ಬಿಡುವುದಿಲ್ಲ. ಅದೇ ಕುಲದ ನಾರ್ಡೂ ಎಂಬ ಗಿಡವನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮದೇ ಕ್ರಮದಲ್ಲಿ ಹದಮಾಡಿ ತಿನ್ನುತ್ತಿದ್ದರು. 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಆ ಕ್ರಮ ಪೂರ್ತಿ ತಿಳಿಯದೆ ಅದನ್ನೇ ತಿನ್ನುತ್ತ ದಿನದಿನಕ್ಕೆ ಸೊರಗಿ ಸತ್ತರು. ಅದರಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ. ಹೊಟ್ಟೆ ತುಂಬಿದರೂ ದೇಹಕ್ಕೆ ದಕ್ಕದ ಆಹಾರ!

ಈಗ ಅಜ್ಜಿಯ ಸಾರಿನ ವಿಷಯ. ಪುಲ್ಲಂಪುರಚಿ ನಿಜವಾದ ಅಡಿಗೆಸೊಪ್ಪೇ. ಬೇಳೆಯೊಂದಿಗೆ ಹುಣಿಸೆಹಣ್ಣಿನ ಬದಲು ಒಂದು ಹಿಡಿ ಹಾಕಿದರೆ ರುಚಿ ಚೆನ್ನಾಗಿರುತ್ತದೆ. ಆದರೆ ಆ ಹುಳಿ ಆಕ್ಸಾಲಿಕ್ ಆಮ್ಲದ್ದು. ಆಮ್ಲಕ್ಕೆ ಹೆಸರು ಬಂದದ್ದೇ ಈ ಕುಲದ ಗಿಡದಿಂದ. ಅಪರೂಪಕ್ಕೆ ಒಮ್ಮೆ ಸರಿ, ದಿನವೂ ಬೇಡ. ಮೂತ್ರಪಿಂಡದಲ್ಲಿ ಕಲ್ಲಾದವರಿಗಂತೂ ಬೇಡವೇ ಬೇಡ. ಕಲಾಯಿ ಹೋದ ತಾಮ್ರದ ದೇಗ್ಚಿಯಲ್ಲಿ ಬೇಯಿಸಬೇಡಿ. ಇದೇ ಸೊಪ್ಪು ಉಜ್ಜಿದರೆ ಹಿತ್ತಾಳೆ ಬಿಂದಿಗೆ ಫಳಫಳ ಹೊಳೆಯುತ್ತದೆ, ಅದರ ಆಮ್ಲದ ಕಸುವು ಅಷ್ಟಿದೆ. ಹಬ್ಬಕ್ಕೆಂದು ಕುರಿ ಸಾಕುವವರು ಹಸಿದ ಕುರಿಗೆ ಬುಟ್ಟಿಗಟ್ಟಲೆ ಇದನ್ನೇ ಹಾಕಬಾರದು. ಆಕ್ಸಾಲಿಕ್ ಆಮ್ಲ ರಕ್ತದ ಸುಣ್ಣದಂಶವನ್ನು ಹಿಡಿದುಬಿಡುತ್ತದೆ.

ಮಕ್ಕಳು ಒಂದೆರಡು ಎಲೆ ಅಗಿದರೆ ಗಾಬರಿ ಬೇಡ. ನನ್ನ ಭಯ ಗಿಡಕ್ಕಿಂತ ಅದು ಬೆಳೆದ ಜಾಗದ ಬಗ್ಗೆ. ಕಬ್ಬಿನ ಗದ್ದೆಗೆ ಕಳೆನಾಶಕ ಹೊಡೆದಾಗ ಬದುವಿನ ಸೊಪ್ಪಿನ ಮೇಲೂ ಬೀಳುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಚರಂಡಿ ಪಕ್ಕದ್ದೂ ಬೇಡ. ಇದನ್ನು ಮಕ್ಕಳಿಗೆ ಗದರಿ ಹೇಳುವ ಬದಲು ಕೈಹಿಡಿದು ಕರೆದೊಯ್ದು ತೋರಿಸಿ.

ಇನ್ನು ಕುಂಡದ ಪಾಡು. ಹೂ ಹಳದಿಯಾಗಿದ್ದರೆ ಕಾಯಿ ಸಿಡಿಯುವ ಮೊದಲೇ ಗಿಣ್ಣುಗಿಣ್ಣಿಗೆ ಬಿಟ್ಟ ಬೇರನ್ನೂ ಸೇರಿಸಿ ಕೀಳಿ. ಹೂ ಗುಲಾಬಿ ಬಣ್ಣದ್ದಾಗಿ, ಎಲೆ ದೊಡ್ಡದಿದ್ದು, ನೆಲದ ಮೇಲೆ ಹಬ್ಬುವ ಬಳ್ಳಿ ಕಾಣದಿದ್ದರೆ ಅದು ಅಮೆರಿಕ ಖಂಡದಿಂದ ಬಂದ ಅದರ ನೆಂಟ. ಅದೂ ಹುಳಿಯೇ, ಆದ್ದರಿಂದ ರುಚಿ ನೋಡಿ ಗುರುತಿಸಲಾಗದು. ಮಣ್ಣೊಳಗೆ ಈರುಳ್ಳಿಯಂಥ ಪುಟ್ಟ ಗಡ್ಡೆಗಳಿರುತ್ತವೆ, ಎಳೆದರೆ ಎಲೆ ಕೈಗೆ ಬಂದು ಗಡ್ಡೆ ಒಳಗೇ ಉಳಿಯುತ್ತದೆ. ಕುಂಡದ ಮಣ್ಣನ್ನೆಲ್ಲ ಗೋಣಿಯ ಮೇಲೆ ಸುರಿದು ಒಂದೊಂದಾಗಿ ಆರಿಸಿ. ಆರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲಿಂದ ಮತ್ತೆ ಎಲ್ಲ ಕುಂಡಗಳಿಗೂ ಬರುತ್ತದೆ.