ನೀರಾ ಹಾಕಿದ ಅಗುಳಿ

ಹಿಂದಿ ಚಿತ್ರಗಳ ದಿಟ್ಟ ನಾಯಕಿಯರ ಬಗ್ಗೆ ನಮ್ಮ ಸೋದರ ಪತ್ರಿಕೆಯೊಂದು ಇತ್ತೀಚೆಗೆ ದಪ್ಪನೆಯ ವಿಶೇಷ ಸಂಚಿಕೆ ತಂದಿದೆ. ಪುಟ ತಿರುವಿದರೆ ಅದೇ ಹಳೆಯ ದಾರಿ: ‘ಮದರ್ ಇಂಡಿಯಾ’ಕ್ಕೆ ಒಂದು ನಮಸ್ಕಾರ, ಅಲ್ಲಿಂದ ನೇರ ‘ಅಂಕುರ್’, ‘ಭೂಮಿಕಾ’, ‘ಅರ್ಥ್’, ಆಮೇಲೆ ‘ಕ್ವೀನ್’. 1931ರಲ್ಲಿ ಹಿಂದಿ ಸಿನಿಮಾಕ್ಕೆ ಮಾತು ಬಂತು. ಅಲ್ಲಿಂದ 1957ರವರೆಗಿನ ಕಾಲಕ್ಕೆ ಆ ಸಂಚಿಕೆಯಲ್ಲಿ ಒಂದು ಪ್ಯಾರಾ ಕೂಡ ಸಿಕ್ಕಿಲ್ಲ. ಇದು ಒಂದು ಪತ್ರಿಕೆಯ ತಪ್ಪಲ್ಲ. ಫಿಲ್ಮ್ ಸೊಸೈಟಿಗಳಲ್ಲಿ ಬೆಳೆದ ನಮ್ಮ ವಿಮರ್ಶಕರ ಒಂದಿಡೀ ತಲೆಮಾರು ಹೊಸ ಅಲೆಯಿಂದಲೇ ಎಣಿಕೆ ಶುರುಮಾಡುವುದನ್ನು ರೂಢಿ ಮಾಡಿಕೊಂಡಿದೆ. ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ 1937ರ ‘ದುನಿಯಾ ನ ಮಾನೆ’ ಒಂದೇ ಸಾಕು.

ಪುಣೆಯ ಪ್ರಭಾತ್ ಕಂಪನಿಯ ಚಿತ್ರ ಇದು. ನಿರ್ದೇಶಕ ವಿ. ಶಾಂತಾರಾಮ್. ನಾರಾಯಣ ಹರಿ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಎರಡು ಭಾಷೆಯಲ್ಲಿ ತೆಗೆದರು, ಮರಾಠಿಯಲ್ಲಿ ಅದು ‘ಕುಂಕೂ’. ತಂದೆತಾಯಿ ಇಲ್ಲದ ನೀರಾಳನ್ನು ಸೋದರಮಾವ ಹಣ ತೆಗೆದುಕೊಂಡು ವಯಸ್ಸಾದ ವಿಧುರ ವಕೀಲನಿಗೆ ಕಟ್ಟುತ್ತಾನೆ. ಇಷ್ಟು ಕಥೆ ಕನ್ನಡಕ್ಕೆ ಹೊಸದಲ್ಲ. ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲೇ ಕನ್ಯಾವಿಕ್ರಯವನ್ನು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ದಲ್ಲಿ ರಂಗಕ್ಕೆ ತಂದಿದ್ದರು. ಹೊಸದು ಏನೆಂದರೆ, ತಾಳಿ ಕಟ್ಟಿಸಿಕೊಂಡ ಮೇಲೆ ನೀರಾ ಅಳುತ್ತ ಕೂರುವುದಿಲ್ಲ. ಇದು ಮದುವೆಯೇ ಅಲ್ಲ ಎನ್ನುತ್ತಾಳೆ, ಗಂಡನನ್ನು ಹತ್ತಿರ ಸೇರಿಸುವುದಿಲ್ಲ. ತನ್ನ ಮೇಲೆ ಕಣ್ಣುಹಾಕಿದ ಮಲಮಗನಿಗೆ ಬೆತ್ತ ತೆಗೆದುಕೊಂಡು ಬಾರಿಸುತ್ತಾಳೆ. ಇದನ್ನೆಲ್ಲ ಅವಳು ಮಾಡುವುದು ಆ ಮನೆಯೊಳಗೇ ಇದ್ದು. ಹೋಗುವುದಕ್ಕೆ ಬೇರೆ ಮನೆ ಅವಳಿಗಿಲ್ಲ.

ಈ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಸಂಗೀತ ಕೇಶವರಾವ್ ಭೋಳೆಯವರದು, ಆದರೆ ಎಲ್ಲಿ ಅಳಬೇಕು ಎಲ್ಲಿ ಮರುಗಬೇಕು ಎಂದು ನಮಗೆ ಹೇಳಿಕೊಡುವ ಪಿಟೀಲು ಎಲ್ಲೂ ಬರುವುದಿಲ್ಲ. ಆ ಮನೆಯಲ್ಲಿ ಏನು ಸದ್ದಾಗುತ್ತದೋ ಅಷ್ಟೇ ನಮ್ಮ ಕಿವಿಗೂ ಬೀಳುತ್ತದೆ. ಅದರಲ್ಲೂ ಆ ಗೋಡೆ ಗಡಿಯಾರ! ವಕೀಲನ ಉಳಿದ ಆಯುಷ್ಯವನ್ನೂ ನೀರಾ ಕಳೆದುಕೊಳ್ಳುತ್ತಿರುವ ಪ್ರಾಯವನ್ನೂ ಒಂದೇ ಟಿಕ್‌ಟಿಕ್‌ನಲ್ಲಿ ಎಣಿಸುತ್ತದೆ. ಒಡೆದ ಕನ್ನಡಿಯ ಒಂದೊಂದು ಚೂರಿನಿಂದಲೂ ಮುದುಕನ ಮುಖ ಅವನನ್ನೇ ನೋಡುವ ದೃಶ್ಯ ಇದೆ. ಕೇಶವರಾವ್ ದಾತೆ ಅವನನ್ನು ಖಳನಾಗಿಸದೆ ಅಭಿನಯಿಸಿದ್ದಾರೆ. ಅವನ ಮೇಲೆ ಕನಿಕರ ಬರುತ್ತದೆ. ಹಾಗೆಂದು ನೀರಾ ಹಾಕಿದ ಅಗುಳಿ ಸಡಿಲವಾಗುವುದಿಲ್ಲ. ಗಂಡನ ಬಗ್ಗೆ ಕನಿಕರ ಹುಟ್ಟಿಸಿಯೂ ಹೆಂಡತಿಯನ್ನು ತಲೆಬಾಗಿಸದ ಚಿತ್ರಗಳನ್ನು ಇವತ್ತಿನವುಗಳಲ್ಲಿ ಹುಡುಕಿದರೆ ಎಷ್ಟು ಸಿಕ್ಕಾವು?

ಚಿತ್ರದ ಕೊನೆಯ ಬಗ್ಗೆ ಒಂದು ಆಕ್ಷೇಪ ಪದೇ ಪದೇ ಬರುತ್ತದೆ: ವಕೀಲ ಮನಸ್ಸು ಬದಲಾಯಿಸಿ, ಅವಳಿಗೆ ಬಿಡುಗಡೆಯಾಗಲೆಂದು ಜೀವ ಕಳೆದುಕೊಳ್ಳುತ್ತಾನೆ, ಹಾಗಾಗಿ ದೊಡ್ಡತನವೆಲ್ಲ ಗಂಡಸಿನ ಪಾಲಾಯಿತು, ಹೆಂಗಸಿನ ಹೋರಾಟ ನೀರುಪಾಲಾಯಿತು ಎಂದು. ಹೀಗೆನ್ನುವವರು ಆ ಕಾಲದ ಕಾನೂನು ನೋಡಿಲ್ಲ. 1929ರ ಶಾರದಾ ಕಾಯಿದೆ ಹುಡುಗಿಯ ವಯಸ್ಸಿಗೆ ಮಿತಿ ಹಾಕಿತು, ಮುದುಕ ವರನನ್ನು ತಡೆಯಲಿಲ್ಲ. ವಿಧವೆ ಮರುಮದುವೆಯಾಗಲು 1856ರಿಂದಲೇ ಅವಕಾಶ ಇತ್ತು. ಆದರೆ ನೀರಾಳಂಥ ಮೇಲ್ಜಾತಿ ಹಿಂದೂ ಹೆಂಡತಿಗೆ ವಿಚ್ಛೇದನ ಎಂಬುದೇ ಇರಲಿಲ್ಲ. ಅದು ಬಂದದ್ದು ಮುಂಬೈ ಪ್ರಾಂತ್ಯಕ್ಕೆ 1947ರಲ್ಲಿ, ದೇಶಕ್ಕೆ 1955ರಲ್ಲಿ. ಗಂಡ ಬದುಕಿರುವಷ್ಟು ದಿನ ಅವಳು ಅವನ ಹೆಂಡತಿಯೇ. ವಕೀಲನಿಗೆ ಇದು ಗೊತ್ತಿರದೆ ಇದ್ದೀತೆ? ಅವನ ಸಾವಿನಲ್ಲಿ ನಾನು ತ್ಯಾಗ ಕಾಣುವುದಕ್ಕಿಂತ ಹೆಚ್ಚಾಗಿ ಆ ಕಾನೂನಿನ ಮೇಲಿನ ಆರೋಪಪಟ್ಟಿ ಕಾಣುತ್ತೇನೆ.

ಆ ಕಾನೂನಿನ ಕಥೆ ಮುಗಿಯಿತು ಎನ್ನುವ ಹಾಗೂ ಇಲ್ಲ. ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು ಎಂದು ಮುಂಬೈ ಹೈಕೋರ್ಟ್ 1887ರಲ್ಲಿ ರುಖಮಾಬಾಯಿಗೆ ಹೇಳಿತ್ತು. ಜೈಲೇ ಆಗಲಿ ಎಂದಿದ್ದಳು ಆಕೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಹೆಂಡತಿ ಗಂಡನ ಮೇಲೆ ಹೊರಿಸಿದ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ನಿರಾಕರಿಸಿತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅತ್ಯಾಚಾರದ ಆರೋಪದಿಂದ ಗಂಡನಿಗಿದ್ದ ಹಳೆಯ ವಿನಾಯಿತಿಯನ್ನು ಕೈಬಿಟ್ಟಿಲ್ಲ. ಗಂಡನಿಗೆ ಬೇಡ ಎನ್ನುವ ಹಕ್ಕು ಹೆಂಡತಿಗಿದೆಯೇ ಎಂಬ ಪ್ರಶ್ನೆಯನ್ನು ನೀರಾ ಎತ್ತಿದ್ದು 1937ರಲ್ಲಿ. ನಮ್ಮ ಕಾನೂನು ಅದಕ್ಕೆ ಇನ್ನೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಇಂಥ ಚಿತ್ರವನ್ನು ‘ಹಳೆಯ ಸುಧಾರಣಾವಾದಿ ಚಿತ್ರ’ ಎಂಬ ಚೀಟಿ ಅಂಟಿಸಿ ಅಟ್ಟಕ್ಕೆ ಹಾಕುವುದು ದೊಡ್ಡ ಅನ್ಯಾಯ.

ನನ್ನ ಇನ್ನೊಂದು ತಕರಾರು ಇದನ್ನು ಬರೀ ‘ಶಾಂತಾರಾಮರ ಚಿತ್ರ’ ಎನ್ನುವುದರ ಬಗ್ಗೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಮೇಲೆ ಬಂದ ಆ ಮನುಷ್ಯನ ಪ್ರತಿಭೆಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ನೀರಾ ಆದವರು ಶಾಂತಾ ಆಪ್ಟೆ. ಲಾಂಗ್‌ಫೆಲೊ ಕವಿಯ ಸಾಲುಗಳನ್ನು ಇಂಗ್ಲಿಷಿನಲ್ಲೇ ಹಾಡಿ, ಅದು ನೀರಾಳದೇ ಮಾತು ಎನ್ನಿಸಿದವರು. ಎರಡೇ ವರ್ಷದಲ್ಲಿ, 1939ರಲ್ಲಿ, ಅದೇ ಪ್ರಭಾತ್ ಗೇಟಿನ ಮುಂದೆ ಕರಾರಿನ ತಕರಾರಿಗಾಗಿ ಉಪವಾಸ ಕೂತರು. ಮರುವರ್ಷ ‘ಜಾಊ ಮೀ ಸಿನೆಮಾತ?’ ಎಂಬ ಪುಸ್ತಕ ಬರೆದು, ಚಿತ್ರರಂಗಕ್ಕೆ ಬರಲು ಹೊರಟ ಹುಡುಗಿಯರ ಮುಂದೆ ಆ ಲೋಕವನ್ನು ಬಿಚ್ಚಿಟ್ಟರು. ವಕೀಲನ ವಿಧವೆ ಮಗಳಾಗಿ ನೀರಾಳ ಬೆನ್ನಿಗೆ ನಿಲ್ಲುವ ಶಕುಂತಲಾ ಪರಾಂಜಪೆ ನಿಜ ಬದುಕಿನಲ್ಲಿ ಸಂತಾನ ನಿಯಂತ್ರಣದ ಪರ ದಶಕಗಳ ಕಾಲ ದುಡಿದವರು, ರಾಜ್ಯಸಭೆಯಲ್ಲಿ ಕೂತವರು, ಸಾಯಿ ಪರಾಂಜಪೆಯವರ ತಾಯಿ. ಪರದೆಯ ಮೇಲೆ ಆಡಿದ ಮಾತಿಗೆ ಪರದೆಯಾಚೆಯೂ ಬೆಲೆ ತೆತ್ತವರು ಇವರು. ಚಿತ್ರದ ಹೆಸರಿನ ಪಕ್ಕ ಇವರ ಹೆಸರೂ ಬರಲೇಬೇಕು.

ಪ್ರಭಾತ್‌ನ ಆ ಅಂಗಳದಲ್ಲೇ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ನಮ್ಮ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. 2003ರ ಜನವರಿಯಲ್ಲಿ ಅಲ್ಲಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ರೀಲುಗಳು ರಾಶಿರಾಶಿಯಾಗಿ ಸುಟ್ಟುಹೋದವು, ಪ್ರಭಾತ್ ಕಾಲದವೂ ಅದರಲ್ಲಿದ್ದವು. ಅಷ್ಟಾದ ಮೇಲೂ ‘ದುನಿಯಾ ನ ಮಾನೆ’ ನೋಡಲು ಸಿಗುತ್ತದೆ. ಸಿಗುವುದನ್ನೂ ನೋಡದೆ ಇತಿಹಾಸ ಬರೆಯುವವರ ಮೇಲೆ ನನಗೆ ಕೋಪ.

ಅದಕ್ಕೇ ನಮ್ಮ ಈ ಸಂಚಿಕೆಯ ವಿಶೇಷ ವಿಭಾಗ 1950ಕ್ಕಿಂತ ಹಿಂದಿನ ಹಿಂದಿ ಚಿತ್ರಗಳ ನಾಯಕಿಯರಿಗೆ ಮೀಸಲು. 2037ಕ್ಕೆ ‘ದುನಿಯಾ ನ ಮಾನೆ’ಗೆ ನೂರು ತುಂಬುತ್ತದೆ. ಅದಕ್ಕೆ ಕಾಯದೆ ನಮ್ಮ ಫಿಲ್ಮ್ ಸೊಸೈಟಿಗಳು, ಕಾಲೇಜುಗಳ ಮಹಿಳಾ ಅಧ್ಯಯನ ವಿಭಾಗಗಳು, ಕಾನೂನು ಕಾಲೇಜುಗಳು ಕೂಡ, ಇದನ್ನು ಕನ್ನಡ ಸಬ್‌ಟೈಟಲ್ ಹಾಕಿಸಿ ತೋರಿಸಲಿ. ಸಬ್‌ಟೈಟಲ್ ಬರೆಯಲು ಮುಂದೆ ಬರುವವರು ನಮಗೆ ಪತ್ರ ಬರೆಯಿರಿ, ಕೆಲಸ ಹಂಚಿಕೊಳ್ಳೋಣ.