ಅಗ್ಗದ ಗ್ಯಾಸ್ ಟಾರ್ಚು: ಕೊಳ್ಳುವ ಮುನ್ನ

ಮುಂಗಾರು ಹತ್ತಿರ ಬಂತೆಂದರೆ ತೋಟಿಗರ ಮನೆಗಳಲ್ಲಿ ದುರಸ್ತಿಯ ಗಡಿಬಿಡಿ ಪ್ರಾರಂಭವಾಗುತ್ತದೆ. ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ನಳಿಗೆ ಬೆಸುಗೆ ಬಿಟ್ಟಿರುತ್ತದೆ, ಪಂಪ್‌ಸೆಟ್ಟಿನ ನಟ್ಟು ತುಕ್ಕು ಹಿಡಿದು ಕೂತಿರುತ್ತದೆ. ಶಿರಸಿ, ಮುಂಡಗೋಡ ಕಡೆಗೆ ಹತ್ತಿದ ಹಾನಗಲ್ಲ ತಾಲೂಕಿನ ಪಡುಭಾಗದವರಿಗೆ ಕೊಳೆರೋಗದ ಅಂಜಿಕೆ ಹೆಚ್ಚು. ಮಳೆಗೆ ಮುಂಚೆ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆ ಬಿಡುವು ಕೊಟ್ಟ ದಿನವೇ ನಳಿಗೆ ಕೈಕೊಟ್ಟರೆ, ಹಾವೇರಿಗೋ ಹುಬ್ಬಳ್ಳಿಗೋ ಹೋಗಿ ಬೆಸೆಸಿಕೊಂಡು ಬರುವಷ್ಟರಲ್ಲಿ ಮೋಡ ಮತ್ತೆ ಕವಿದಿರುತ್ತದೆ. ಆದ್ದರಿಂದ ಮನೆಯಲ್ಲಿಯೇ ಒಂದು ಗ್ಯಾಸ್ ಟಾರ್ಚು ಇರಲಿ ಎಂದು ಸದಸ್ಯರು ಬಯಸುವುದು ಸಹಜವೇ. ಕೇಳುವ ಪ್ರಶ್ನೆ ಮಾತ್ರ ಒಂದೇ: ಎಲ್ಲಕ್ಕಿಂತ ಅಗ್ಗದ್ದು ಯಾವುದು?

ಸಂತೆಯಲ್ಲೂ ಸಿಗುವ, ಬ್ಯೂಟೇನ್ ಡಬ್ಬಿಯ ನೆತ್ತಿಗೆ ಸಿಕ್ಕಿಸುವ ಟಾರ್ಚು ಎಲ್ಲಕ್ಕಿಂತ ಅಗ್ಗ. ಆದರೆ ಡಬ್ಬಿಯಲ್ಲಿರುವ ಅನಿಲ 200 ಗ್ರಾಂ ಆಸುಪಾಸು. 5 ಕಿಲೋ ಸಿಲಿಂಡರಿನ ಅನಿಲಕ್ಕೆ ಅಂಥವು ಇಪ್ಪತ್ತಕ್ಕಿಂತ ಹೆಚ್ಚು ಡಬ್ಬಿ ಬೇಕು. ಲೆಕ್ಕ ಹಾಕಿ ನೋಡಿದರೆ ಟಾರ್ಚಿನಲ್ಲಿ ಉಳಿಸಿದ ಹಣ ಡಬ್ಬಿಗಳಲ್ಲಿ ಹೋಗಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಳಿಗೆಯ ಅಡಿಯ ಬೆಸುಗೆಗೆ ಟಾರ್ಚನ್ನು ಬಾಗಿಸಲೇಬೇಕು. ಬಾಗಿಸಿದರೆ ಡಬ್ಬಿಯೊಳಗಿನ ದ್ರವ ಅನಿಲವೇ ಹೊರಬಂದು ಉರಿ ಭುಗ್ಗೆಂದು ಮುಂದಕ್ಕೆ ಚಾಚುತ್ತದೆ. ಕೈ ಸುಟ್ಟುಕೊಳ್ಳುವುದಕ್ಕೆ ಅಷ್ಟು ಸಾಕು.

ಕೆಲವರು ಇದಕ್ಕೆ ಕಂಡುಕೊಂಡ ಉಪಾಯ ಅಡಿಗೆಮನೆಯ 14.2 ಕಿಲೋ ಸಿಲಿಂಡರು. ಅದು ಕೂಡದು. ಮನೆಬಳಕೆಯ ಅನಿಲವನ್ನು ಅಡಿಗೆಗಲ್ಲದೆ ಬೇರೆಯದಕ್ಕೆ ಬಳಸುವುದು 2000ನೇ ಇಸವಿಯ ಸರಬರಾಜು ಆದೇಶದ ಪ್ರಕಾರ ತಪ್ಪು. ಕಾನೂನಿನ ಮಾತು ಒತ್ತಟ್ಟಿಗಿರಲಿ, ಅಡಿಗೆ ಒಲೆಯ ರೆಗ್ಯುಲೇಟರು ಕಡಿಮೆ ಒತ್ತಡದ್ದು, ಇಂಥ ಟಾರ್ಚಿಗೆ ಸಾಲುವುದಿಲ್ಲ. ಸಾಲದೆಂದು ಅದನ್ನು ಕಿತ್ತು ಏನಾದರೊಂದು ಜೋಡಿಸುವ ಸಾಹಸವೇ ಮನೆಗೆ ಬೆಂಕಿ ತರುವಂಥದು. ಈ ಅನಿಲ ಗಾಳಿಗಿಂತ ಒಂದೂವರೆ-ಎರಡು ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲ ಹಿಡಿದು ತಗ್ಗಿಗೆ ಇಳಿಯುತ್ತದೆ. ಹಗೇವು ಇರುವ ಪಡಸಾಲೆ, ಹಾಳೆ-ಸಿಪ್ಪೆ ಒಟ್ಟಿದ ಕೋಣೆ ಇದಕ್ಕೆ ತಕ್ಕ ಜಾಗಗಳಲ್ಲ. ಅಂಗಳದ ಗಾಳಿಯಲ್ಲಿಯೇ ಕೆಲಸ ಮಾಡಬೇಕು.

ನಮ್ಮ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿದಾರನಿಗೆ ಯೋಗ್ಯವಾದದ್ದು ಹೋಸಿನ ಟಾರ್ಚು: 5 ಕಿಲೋ ಮುಕ್ತ ಮಾರಾಟದ ಸಿಲಿಂಡರು, ಅದಕ್ಕೆ ಸರಿಹೊಂದುವ ಹೆಚ್ಚಿನ ಒತ್ತಡದ ರೆಗ್ಯುಲೇಟರು, ಐ.ಎಸ್.ಐ. ಮುದ್ರೆಯ ಅನಿಲದ ಹೋಸು, ಚಿಕ್ಕ ತಲೆಯ ಬರ್ನರು. ಸಿಲಿಂಡರು ನೆಟ್ಟಗೆ ನಿಂತಿರುತ್ತದೆ, ಟಾರ್ಚನ್ನು ಬೇಕಾದ ಕಡೆ ತಿರುಗಿಸಬಹುದು. ಅಂಗಡಿಯವನು ತೋರಿಸುವ ಅಗಲ ಬಾಯಿಯ ಬರ್ನರು ಮಾಳಿಗೆಗೆ ಡಾಂಬರು ಹಾಳೆ ಅಂಟಿಸುವವರಿಗೆ. ನಮಗೆ ಅದು ಅನಿಲ ಕುಡಿಯುವ ಬಕಾಸುರ. ಚಿಕ್ಕ ಉರಿಯೇ ಆದರೂ ಸುತ್ತ ನಾಲ್ಕು ಇಟ್ಟಿಗೆ ನಿಲ್ಲಿಸಿ ಶಾಖ ಹಿಡಿದಿಟ್ಟರೆ ಕೆಲಸ ಸಾಗುತ್ತದೆ. ಪತ್ತಾರರನ್ನು ಕೇಳಿ, ಅವರಿಗೆ ಇದು ಹೊಸ ವಿದ್ಯೆಯಲ್ಲ.

ಒತ್ತಡ ತಾಳಬೇಕಾದ ನಳಿಗೆಗೆ ತವರ-ಸೀಸದ ಬೆಸುಗೆ ಹಾಕಬೇಡಿರಿ. ಅದು 190 ಡಿಗ್ರಿಯೊಳಗೇ ಕರಗುವ ಮೆತ್ತನೆಯ ಬೆಸುಗೆ. ಹಿತ್ತಾಳೆ ಕಡ್ಡಿಯಾದರೆ ನಳಿಗೆಯೂ ಕೂಡ ಕರಗುವ ಭಯ, ಏಕೆಂದರೆ ಎರಡೂ 900 ಡಿಗ್ರಿ ಸುಮಾರಿಗೇ ಕರಗುತ್ತವೆ. 650ರಿಂದ 750 ಡಿಗ್ರಿಯ ಆಸುಪಾಸಿನಲ್ಲಿ ಹರಿಯುವ ಬೆಳ್ಳಿ ಬೆಸುಗೆಯ ಕಡ್ಡಿ ಮತ್ತು ಅದಕ್ಕೆ ತಕ್ಕ ಫ್ಲಕ್ಸು ತುಟ್ಟಿಯಾದರೂ ಬೇಕಾಗುವುದು ಬೆರಳುದ್ದ. ಸತುವಿನ ಲೇಪದ ಜಿ.ಐ. ಪೈಪನ್ನು ಮಾತ್ರ ಕಾಯಿಸಬೇಡಿರಿ, ಅದರ ಬಿಳಿ ಹೊಗೆಯಿಂದ ಜ್ವರ ಬರುತ್ತದೆ. ಘಟ್ಟದ ಕಡೆಯ ಕಾಫಿ ಬೆಳೆಗಾರ ಬಂಧುಗಳು ಪಲ್ಪರಿನ ತಾಮ್ರದ ತಗಡಿಗೂ ಉರಿ ತೋರಿಸಬಾರದು. ಕಾಯಿಸಿದ ತಾಮ್ರ ಮೆತ್ತಗಾಗಿ ಅದರ ಉಬ್ಬುಗಳು ಬೇಗ ಸವೆಯುತ್ತವೆ.

ಇನ್ನು ಪಿ.ವಿ.ಸಿ. ಪೈಪಿನ ಬಾಯಿ ಹಿಗ್ಗಿಸಲೆಂದೇ ಟಾರ್ಚು ಕೊಳ್ಳುವವರಿದ್ದಾರೆ. ಸವಣೂರಿನ ಎಲೆಬಳ್ಳಿ ತೋಟದವರಿಗೂ ಹಿರೇಕೆರೂರಿನ ಬೋರ್‌ವೆಲ್ಲಿನವರಿಗೂ ಇದೇ ಮುಖ್ಯ ಕೆಲಸ. ಅದಕ್ಕೆ ಟಾರ್ಚು ಬೇಡವೇ ಬೇಡ. ಆ ಪೈಪು 80 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ, ಕುದಿಯುವ ನೀರಿನಲ್ಲಿ ಅದ್ದಿದರೆ ಸಾಕು. ಉರಿ ತಗುಲಿದರೆ ಕರ್ರಗಾಗಿ ಆಮ್ಲದ ಹೊಗೆ ಕಾರುತ್ತದೆ, ಪೈಪೂ ಪೆಡಸಾಗುತ್ತದೆ. ಕುಡಗೋಲಿಗೆ ಹದ ಹಾಕುವ ಕೆಲಸವನ್ನೂ ಕಮ್ಮಾರನ ಕುಲುಮೆಗೇ ಬಿಡುವುದು ಮೇಲು.

ಹೀಗೆ ಒಂದೊಂದನ್ನೇ ಕಳೆದರೆ ಒಂದು ಮನೆಗೆ ವರ್ಷದಲ್ಲಿ ಟಾರ್ಚಿನ ಕೆಲಸ ಬೀಳುವುದು ಎಷ್ಟು ದಿನ? ಆದ್ದರಿಂದ ಶಿಗ್ಗಾಂವಿಯಿಂದ ಹಿರೇಕೆರೂರಿನವರೆಗಿನ ನಮ್ಮ ಸದಸ್ಯರಿಗೆ ನಾವು ಹೇಳುವುದಿಷ್ಟೆ: ನಾಲ್ಕೈದು ನೆರೆಹೊರೆಯವರು ಕೂಡಿ ಒಂದು ಒಳ್ಳೆಯ ಟಾರ್ಚು ಕೊಳ್ಳಿರಿ. ಅದನ್ನು ಬೆಸುಗೆ ಬಲ್ಲ ಒಬ್ಬರ ಮನೆಯಲ್ಲಿಡಿರಿ. ಅನಿಲದ ಖರ್ಚನ್ನು ಬಳಸಿದವರು ಹಾಕಲಿ. ಪ್ರತಿಸಲ ಹಚ್ಚುವ ಮೊದಲು ಜೋಡಣೆಗಳಿಗೆ ಸಾಬೂನು ನೀರು ಸವರಿ, ಗುಳ್ಳೆ ಎದ್ದರೆ ಕಡ್ಡಿ ಗೀರಬೇಡಿರಿ. ನಳಿಗೆಯ ಪರೀಕ್ಷೆಯನ್ನು ಮೇ ತಿಂಗಳಲ್ಲಿಯೇ, ಬರೀ ನೀರು ಹಾಕಿ, ಪೂರ್ಣ ಒತ್ತಡ ಕೊಟ್ಟು ಮುಗಿಸಿಕೊಳ್ಳಿರಿ.