‘ಕಳಿಸಿರಬೇಕು’ ಬೇರೆ, ‘ಕಳಿಸಬೇಕಿತ್ತು’ ಬೇರೆ!

ಫ್ರೆಂಡ್ಸ್, ಇವತ್ತು ನಾನೇ ಪೆದ್ದು ಆದ ಕಥೆ.

ಕಳೆದ ರಜೆಯಲ್ಲಿ ಒಂದು ಆಡಿಟರ್ ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದೆ. ಅವತ್ತು 20ನೇ ತಾರೀಖು, ಜಿಎಸ್‌ಟಿಆರ್-3ಬಿ ಫೈಲ್ ಮಾಡೋಕೆ ಕೊನೇ ದಿನ. ಒಬ್ಬ ಕ್ಲೈಂಟ್ ಇನ್ನೂ ಬಿಲ್ ಕಳಿಸಿರಲಿಲ್ಲ. ನಾನು ಸರ್‌ಗೆ ಮೆಸೇಜ್ ಹಾಕಿದೆ: ‘ಹಿ ಮಸ್ಟ್ ಹ್ಯಾವ್ ಸೆಂಟ್ ದ ಬಿಲ್ಸ್.’ ನನ್ನ ತಲೆಯಲ್ಲಿ ಇದ್ದದ್ದು ‘ಕಳಿಸಬೇಕಿತ್ತು’. ಸರ್ ಓದ್ಕೊಂಡಿದ್ದು ‘ಕಳಿಸಿರಬೇಕು’. ಪಾಪ, ಮೇಲ್, ಸ್ಪ್ಯಾಮ್, ವಾಟ್ಸಾಪ್ ಎಲ್ಲಾ ಜಾಲಾಡಿದ್ರು. ಅರ್ಧ ಗಂಟೆ ಹಾಳು. ಆಮೇಲೆ ನಂಗೆ ಆದ ಮಂಗಳಾರತಿ ಕೇಳ್ಬೇಡಿ!

ತಪ್ಪಾಗಿದ್ದು ಎಲ್ಲಿ? ‘ಮಸ್ಟ್ ಅಂದ್ರೆ ಬೇಕು’ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ. ಹಾಗಾದ್ರೆ ‘ಬೇಕಿತ್ತು’ ಅಂದ್ರೆ ‘ಮಸ್ಟ್ ಹ್ಯಾವ್’ ಅಂದ್ಕೊಂಡೆ. ಅಲ್ಲ! ನೋಡಿ:

👉 ಕಳಿಸಿರಬೇಕು: ಕಣ್ಣಾರೆ ನೋಡಿಲ್ಲ, ಆದ್ರೆ ಬಲವಾದ ಊಹೆ. ಮಸ್ಟ್ ಹ್ಯಾವ್ ಸೆಂಟ್.
👉 ಕಳಿಸಿರಬಹುದು: ಊಹೆನೇ, ಗ್ಯಾರಂಟಿ ಇಲ್ಲ. ಮೈಟ್ ಹ್ಯಾವ್ ಸೆಂಟ್.
👉 ಕಳಿಸಬೇಕಿತ್ತು: ಕಳಿಸಲಿಲ್ಲ, ಅದೇ ದೂರು. ಶುಡ್ ಹ್ಯಾವ್ ಸೆಂಟ್.
👉 ಕಳಿಸಬಹುದಿತ್ತು: ಅವಕಾಶ ಇತ್ತು, ಕಳಿಸಲಿಲ್ಲ. ಕುಡ್ ಹ್ಯಾವ್ ಸೆಂಟ್.

ಗಮನಿಸಿದ್ರಾ? ಕನ್ನಡದಲ್ಲಿ ‘ಕಳಿಸಿರ’ ಅಂತ ಶುರುವಾದ್ರೆ ಊಹೆ. ಕೊನೆಗೆ ‘ಇತ್ತು’ ಬಂದ್ರೆ ಆಗದೇ ಹೋದ ಕೆಲಸದ ಕೊರಗು. ಇಂಗ್ಲಿಷಲ್ಲಿ ಮಾತ್ರ ನಾಲ್ಕಕ್ಕೂ ಅದೇ ‘ಹ್ಯಾವ್ ಸೆಂಟ್’ ಬಾಲ. ಅರ್ಥ ಬದಲಾಯಿಸೋದು ಮೊದಲ ಪದ. ಅದರಲ್ಲೂ ‘ಕುಡ್ ಹ್ಯಾವ್’ ಊಹೆಗೂ ಬರುತ್ತೆ, ಸಂದರ್ಭ ನೋಡಿಯೇ ತಿಳ್ಕೋಬೇಕು.

ಅದಕ್ಕೇ ನನ್ನ ಅಭಿಪ್ರಾಯ: ‘ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಬೇಡ’ ಅನ್ನೋ ರೂಲ್ ನಮಗೆ ಉಪಕಾರಕ್ಕಿಂತ ಅಪಕಾರವನ್ನೇ ಜಾಸ್ತಿ ಮಾಡಿದೆ. ಕನ್ನಡದಲ್ಲೇ ಯೋಚಿಸಿದ್ರೆ ಇಂಗ್ಲಿಷ್ ಬರಲ್ಲ ಅಂತಾರೆ. ಒಂದೊಂದೇ ಪದ ಕಿತ್ತು ಜೋಡಿಸಿದ್ರೆ ಬರಲ್ಲ, ನಿಜ. ನಾನು ಮಾಡಿದ್ದೂ ಅದನ್ನೇ. ಆದ್ರೆ ಇಡೀ ಮಾತಿನ ಅರ್ಥ ಹಿಡಿದು ಹೋಲಿಸಿದ್ರೆ ಐದೇ ನಿಮಿಷದಲ್ಲಿ ತಲೆಗೆ ಹೋಗುತ್ತೆ. ಈ ವ್ಯತ್ಯಾಸ ನಮ್ಮಜ್ಜಿ ಗ್ರಾಮರ್ ಪುಸ್ತಕ ಮುಟ್ಟದೇ ದಿನಾ ಸರಿಯಾಗಿ ಬಳಸ್ತಾರೆ. ನಾವು ದಡ್ಡರಲ್ಲ ಕಣ್ರೋ. ನಮಗೆ ಗೊತ್ತಿರೋದನ್ನೇ ಯಾರೂ ನಮಗೆ ತೋರಿಸಲಿಲ್ಲ. ತೋರಿಸಬೇಕಿತ್ತು!

ಈಗ ನಿಮ್ಮ ಸರದಿ. ಇವೆರಡನ್ನೂ ಇಂಗ್ಲಿಷಿಗೆ ತಂದು ಕಾಮೆಂಟ್ ಮಾಡಿ:
1. ಬಸ್ ಹೋಗಿರಬೇಕು.
2. ಐದು ನಿಮಿಷ ಮುಂಚೆ ಹೊರಡಬೇಕಿತ್ತು.

ತಪ್ಪಾದ್ರೂ ಪರವಾಗಿಲ್ಲ, ಇಲ್ಲಿ ಮಂಗಳಾರತಿ ಇಲ್ಲ 😄